ಬೀಳಲೊಂದು ಜಾಗ

ಹೋದ ಬೇಸಿಗೆಯಲ್ಲಿ ಮಗಳು ತನ್ನ ಎರಡೂಕಾಲು ವರ್ಷದ ಕೂಸನ್ನು ನನ್ನ ಬಳಿ ಬಿಟ್ಟು ಬೆಂಗಳೂರಿಗೆ ಹಿಂತಿರುಗಿದಳು. "ಅಮ್ಮ, ಆರು ವಾರ ನೋಡ್ಕೊ. ನಿಂಗೂ ರಜೆ ಇದೆ, ನಂಗೂ ಆಫೀಸಲ್ಲಿ ಕೆಲಸ ಹೆಚ್ಚಿದೆ" ಎಂದಳು. ಮೊಮ್ಮಗಳನ್ನು ನೋಡಿಕೊಳ್ಳಲು ಅಜ್ಜಿಗೆ ಕಾರಣ ಹೇಳಬೇಕೆ? ಸಂತೋಷದಿಂದಲೇ ಒಪ್ಪಿಕೊಂಡೆ.

ಪುಟ್ಟಿ ನಾಲ್ಕನೆಯ ಮಹಡಿಯ ಮನೆಯಲ್ಲಿ ಬೆಳೆದ ಮಗು. ಟೈಲ್ಸ್ ಹಾಸಿದ ನೆಲದ ಮೇಲೆ ಸರಸರ ಓಡುತ್ತಿದ್ದಳು. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ತನಗೆ ಬೇಕಾದ ಹಾಡನ್ನು ತಾನೇ ಹುಡುಕಿಕೊಳ್ಳುತ್ತಿದ್ದಳು. ನಾನಂತೂ ಅವಳ ಜಾಣತನಕ್ಕೆ ಬೆರಗಾಗಿದ್ದೆ. ಮಾರನೆಯ ಬೆಳಿಗ್ಗೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಮಣ್ಣಿನ ಮೇಲೆ ನಿಲ್ಲಿಸಿದೆ. ಅಲ್ಲಿ ನೆಲ ಸ್ವಲ್ಪ ಇಳಿಜಾರು. ಒಂದೆರಡು ಬೇರು ಮೇಲೆದ್ದಿವೆ. ಮಗು ಎರಡೂ ಕೈಗಳನ್ನು ಅಗಲಿಸಿ ಕಂಬದಂತೆ ನಿಂತುಬಿಟ್ಟಳು. ಒಂದು ಹೆಜ್ಜೆ ಮುಂದಿಡಲಿಲ್ಲ, ಹಿಂದಿಡಲಿಲ್ಲ. ಮುಖ ಕೆಂಪಾಯಿತು. "ಅಜ್ಜೀ, ಬೀತೀನಿ, ಬೀತೀನಿ" ಎಂದು ಅಳತೊಡಗಿದಳು.

ಎತ್ತಿಕೊಂಡು ಒಳಗೆ ಬಂದೆ. ಏನಾದರೂ ತೊಂದರೆಯಿರಬಹುದೆಂದು ಸಂಜೆ ನಮ್ಮೂರಿನ ಮಕ್ಕಳ ವೈದ್ಯರಿಗೂ ತೋರಿಸಿದೆ. ಅವರು ಕೈಕಾಲು ಎಳೆದು, ನಡೆಸಿ, ಬಗ್ಗಿಸಿ ನೋಡಿ, "ಮಗು ಚೆನ್ನಾಗಿದೆ ಟೀಚರ್. ಮಣ್ಣಿನ ಅಭ್ಯಾಸ ಇಲ್ಲ, ಅಷ್ಟೆ. ಆಡೋದಕ್ಕೆ ಬಿಡಿ" ಎಂದು ಔಷಧಿಯನ್ನೇನೂ ಬರೆಯದೆ ಕಳುಹಿಸಿದರು. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೀಳುತ್ತೇನೆಂಬ ಭಯ ಈ ಮಗುವಿಗೆ ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದಾಗ, ಹದಿನೈದು ವರ್ಷಗಳ ಹಿಂದೆ ಕೇಳಿ ಮರೆತಿದ್ದ ಮಾತೊಂದು ನೆನಪಿಗೆ ಬಂತು.

ಅದು 2009ನೆಯ ಇಸವಿ. ನಾನಾಗ ತಾಲ್ಲೂಕು ಕೇಂದ್ರವೊಂದರ ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಶಾಲೆಯ ಹಿಂಭಾಗದಲ್ಲಿ ಶಿಶು ತರಗತಿಗಳಿಗೆಂದು ಒಂದು ಅಂಗಳವಿತ್ತು. ಒಂದು ಬೇವಿನ ಮರ, ಅದರ ಕೊಂಬೆಗೆ ಕಟ್ಟಿದ ಹಗ್ಗದ ಉಯ್ಯಾಲೆ, ಒಂದು ಮರಳು ಗುಡ್ಡೆ, ಮಕ್ಕಳೇ ನೀರು ಹಾಕಿ ಬೆಳೆಸಿದ ಕಾಕಡದ ಗಿಡಗಳು, ಇಷ್ಟೆ. ಪ್ರವೇಶ ಕೋರಿ ಬರುವವರ ಸಂಖ್ಯೆ ಹೆಚ್ಚಿತು. ಕೊಠಡಿಗಳು ಸಾಲಲಿಲ್ಲ. ಅಂಗಳದಲ್ಲಿ ಮೂರು ಕೊಠಡಿ ಕಟ್ಟಿ, ಉಳಿದ ಜಾಗಕ್ಕೆ ಕಾಂಕ್ರೀಟ್ ಹಾಕಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ಹಿರಿಯ ಶಿಕ್ಷಕಿಯೆಂದು ನನ್ನನ್ನೂ ಸಭೆಗೆ ಕರೆದಿದ್ದರು. ಬಟ್ಟೆ ಕೊಳೆಯಾಗುತ್ತದೆಂದು ಪೋಷಕರ ದೂರುಗಳೂ ಇದ್ದವು. ನಾನು ಎರಡು ಮಾತು ಆಡದೆ ಸಹಿ ಹಾಕಿದೆ. ಮರ ಕಡಿದ ದಿನ ಶಿಶುತರಗತಿಯ ಆಯಮ್ಮ, ಅಕ್ಷರ ಕಲಿಯದ ಹೆಂಗಸು, ನನ್ನ ಪಕ್ಕ ಬಂದು ನಿಂತು, "ಮೇಡಂ, ಇನ್ಮೇಲೆ ಮಕ್ಕಳು ಎಲ್ಲಿ ಬೀಳ್ತವೆ?" ಎಂದು ಕೇಳಿದಳು. ನಾನು ನಕ್ಕು, "ಬೀಳಲೇಬೇಕೇನಮ್ಮ?" ಎಂದೆ. ಅವಳು ಮತ್ತೇನೂ ಹೇಳಲಿಲ್ಲ.

ಬೀಳಲೇಬೇಕು ಎಂಬುದು ನನಗೆ ಗೊತ್ತಿರಬೇಕಿತ್ತು. ಬಿ.ಇಡಿ. ಓದುವಾಗ ಫ್ರೊಬೆಲ್, ಮಾಂಟೆಸ್ಸರಿ ಎಂದು ಐದೈದು ಅಂಕಗಳ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದು ಅಲ್ಲಿಯೇ ಬಿಟ್ಟು ಬಂದಿದ್ದೆ. ಮೂವತ್ತು ವರ್ಷ ಹಾಜರಿ ಪುಸ್ತಕಗಳ ಮೇಲೆ ಎಲ್.ಕೆ.ಜಿ., ಯು.ಕೆ.ಜಿ. ಎಂದು ಬರೆಯುವುದನ್ನು ನೋಡಿದ್ದೇನೆ. ಅದರಲ್ಲಿರುವ 'ಜಿ' ಎಂಬ ಅಕ್ಷರಕ್ಕೆ ಜರ್ಮನ್ ಭಾಷೆಯಲ್ಲಿ ತೋಟ ಎಂದು ಅರ್ಥ. ಕಿಂಡರ್‌ಗಾರ್ಟನ್ ಎಂದರೆ ಮಕ್ಕಳ ತೋಟ. ತೋಟವನ್ನು ಕಡಿದು ಕಟ್ಟಿದ ಕೊಠಡಿಯ ಬಾಗಿಲ ಮೇಲೆ ತೋಟವೆಂದು ಬರೆಸಿದವರು ನಾವು. ಪುಟ್ಟಿ ಮಲಗಿದ ಮೇಲೆ ನನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ.

ಫ್ರೆಡ್ರಿಕ್ ಫ್ರೊಬೆಲ್ 1782ರಲ್ಲಿ ಜರ್ಮನಿಯ ತುರಿಂಗಿಯ ಪ್ರದೇಶದ ಹಳ್ಳಿಯೊಂದರಲ್ಲಿ ಹುಟ್ಟಿದ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆ ಪಾದ್ರಿ. ಮಗನನ್ನು ನೋಡಿಕೊಳ್ಳಲು ಅವರಿಗೆ ಬಿಡುವಿಲ್ಲ. ತಬ್ಬಲಿ ಹುಡುಗ ಮರಗಿಡಗಳ ನಡುವೆಯೇ ಬೆಳೆದ. ಹದಿನೈದರ ಪ್ರಾಯದಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲಾಜಿಯ ಶಾಲೆಯಲ್ಲಿ ಎರಡು ವರ್ಷ ಇದ್ದು ಬಂದ. 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಶಾಲೆ ಎಂಬ ಪದವನ್ನು ಬೇಕೆಂದೇ ದೂರವಿಟ್ಟ.

ಆ ಹೆಸರು ಬರಿಯ ಅಲಂಕಾರವಲ್ಲ. ಅಲ್ಲಿ ನಿಜವಾಗಿಯೂ ತೋಟವಿರಬೇಕಿತ್ತು. ಪ್ರತಿ ಮಗುವಿಗೂ ತನ್ನದೇ ಆದ ಒಂದು ಪುಟ್ಟ ಪಾತಿ, ಅದರ ಜೊತೆಗೆ ಎಲ್ಲರಿಗೂ ಸೇರಿದ ಪಾತಿಗಳು. ಮಕ್ಕಳು ಬಗ್ಗಿ ಅಗೆಯಬೇಕು, ನೀರು ಹೊತ್ತು ತರಬೇಕು, ಪಾತಿಗಳ ನಡುವಿನ ಕಿರಿದಾದ ದಾರಿಯಲ್ಲಿ ಗಿಡ ತುಳಿಯದೆ ನಡೆಯಬೇಕು. ಅದರ ಮೇಲೆ ಚಲನೆಯ ಆಟಗಳು: ವೃತ್ತಾಕಾರದಲ್ಲಿ ಕೈಹಿಡಿದು ಸುತ್ತುವುದು, ಹಾರುವುದು, ಹಕ್ಕಿಯಂತೆ ರೆಕ್ಕೆ ಬಡಿಯುವುದು. ಮಗುವಿಗೆ ಅವನು ಕೊಟ್ಟ ಮೊದಲ ಆಟಿಕೆ ದಾರ ಕಟ್ಟಿದ ಉಣ್ಣೆಯ ಚೆಂಡುಗಳು, ಆರು ಬಣ್ಣದವು. 1844ರಲ್ಲಿ ತಾಯಂದಿರಿಗಾಗಿ ಪ್ರಕಟಿಸಿದ ಹಾಡಿನ ಪುಸ್ತಕದ ಮೊದಮೊದಲ ಆಟಗಳಲ್ಲೊಂದು, ಮಲಗಿದ ಕೂಸು ಕಾಲು ಬಡಿಯುವುದು, ಆ ಕಾಲಿಗೆ ತಾಯಿ ತನ್ನ ಅಂಗೈಯನ್ನು ಒಡ್ಡುವುದು. ನಮ್ಮ ಅಜ್ಜಿಯರು ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ನೀವುವಾಗ ಮಾಡುತ್ತಿದ್ದುದೂ ಅದನ್ನೇ ಅಲ್ಲವೆ?

ಇತಿಹಾಸದ ಶಿಕ್ಷಕಿಯಾಗಿ ನಾನು ಪ್ರತಿ ವರ್ಷವೂ ಜರ್ಮನಿಯ ಏಕೀಕರಣವನ್ನು ಪಾಠ ಮಾಡಿದ್ದೇನೆ. ಬಿಸ್ಮಾರ್ಕನ 'ರಕ್ತ ಮತ್ತು ಕಬ್ಬಿಣ' ನೀತಿಯನ್ನು ಮಕ್ಕಳಿಂದ ಹೇಳಿಸಿದ್ದೇನೆ. ಆದರೆ ಬಿಸ್ಮಾರ್ಕ್ 1862ರಲ್ಲಿ ಅಧಿಕಾರಕ್ಕೆ ಬರುವ ಹನ್ನೊಂದು ವರ್ಷ ಮೊದಲು ಅದೇ ಪ್ರಷ್ಯಾ ಮಾಡಿದ ಇನ್ನೊಂದು ಕೆಲಸವನ್ನು ಒಮ್ಮೆಯೂ ಹೇಳಿಲ್ಲ. 1851ರ ಆಗಸ್ಟಿನಲ್ಲಿ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು! ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಹರಡುತ್ತವೆಂಬ ಆರೋಪ. ಫ್ರೊಬೆಲನ ಅಣ್ಣನ ಮಗನೊಬ್ಬ ಬರೆದಿದ್ದ ಪುಸ್ತಕವನ್ನು ಇವನದೆಂದು ತಪ್ಪು ತಿಳಿದದ್ದೂ ಅದಕ್ಕೆ ಒಂದು ಕಾರಣ. ಎಷ್ಟು ಹೇಳಿದರೂ ಸರ್ಕಾರ ಕೇಳಲಿಲ್ಲ. ಮರುವರ್ಷ, 1852ರ ಜೂನಿನಲ್ಲಿ, ಫ್ರೊಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಈ ತೋಟವನ್ನು ಬೇರೆ ದೇಶಗಳಿಗೆ ಒಯ್ದಿದ್ದರು.

ಒಂದು ಸಾಮ್ರಾಜ್ಯ ಮಕ್ಕಳ ತೋಟಕ್ಕೆ ಹೆದರಿತು ಎಂಬುದು ನಗೆ ತರಿಸುವ ಸಂಗತಿ. ಆದರೆ ನಮ್ಮಲ್ಲಿ ಯಾವ ಸರ್ಕಾರವೂ ನಿಷೇಧಿಸಲಿಲ್ಲ. ನಾವೇ ಸಹಿ ಹಾಕಿದೆವು.

ಎರಡನೆಯ ತೋಟ ಲಂಡನ್ನಿನದು. ಥೇಮ್ಸ್ ನದಿಯ ದಡದ ಡೆಪ್ಟ್‌ಫರ್ಡ್ ಎಂಬ ಬಡವರ ಬಡಾವಣೆಯಲ್ಲಿ ಮಾರ್ಗರೆಟ್ ಮತ್ತು ರೇಚೆಲ್ ಮೆಕ್‌ಮಿಲನ್ ಎಂಬ ಅಕ್ಕತಂಗಿಯರು 1914ರಲ್ಲಿ ಬಯಲು ಶಿಶುಶಾಲೆಯನ್ನು ತೆರೆದರು. ಹೊಗೆ ತುಂಬಿದ ಓಣಿಗಳ ಮಕ್ಕಳಿಗೆ ಬಿಸಿಲಿಲ್ಲ, ಹೊಟ್ಟೆಗೆ ಸರಿಯಾದ ಆಹಾರವಿಲ್ಲ. ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗ ಅಲ್ಲಿ ಸಾಮಾನ್ಯ. ಸೋದರಿಯರು ಕಟ್ಟಿಸಿದ್ದು ಒಂದು ಪಕ್ಕ ಪೂರ್ತಿ ತೋಟಕ್ಕೆ ತೆರೆದುಕೊಳ್ಳುವ ಚಪ್ಪರಗಳನ್ನು. ಮಕ್ಕಳು ಅಲ್ಲಿ ಸ್ನಾನ ಮಾಡಿ, ಊಟ ಮಾಡಿ, ಹೊರಗೆ ಆಡಿ, ಗಾಳಿಯಲ್ಲೇ ಮಲಗುತ್ತಿದ್ದರು. ರೇಚೆಲ್ 1917ರಲ್ಲಿ ತೀರಿಕೊಂಡರೂ ಮಾರ್ಗರೆಟ್ ತಂಗಿಯಾಗಿ ಅಕ್ಕನ ಹೆಸರಿನಲ್ಲೇ ಕೆಲಸ ಮುಂದುವರಿಸಿದಳು. ಅವಳಿಗೆ ಕಟ್ಟಡವಿದ್ದದ್ದು ತೋಟಕ್ಕಾಗಿ. ನಮಗೆ ಜಾಗ ಉಳಿದರೆ ತೋಟ.

ಮಾಂಟೆಸ್ಸರಿಯವರ ಕಥೆ ನಮಗೆ ಇನ್ನೂ ಹತ್ತಿರದ್ದು. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬೀದಿಯಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದ ಈ ವೈದ್ಯೆ, 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದುದರಿಂದ ಹಿಂತಿರುಗಲಾಗದೆ 1946ರವರೆಗೆ ಅಡಯಾರ್, ಕೊಡೈಕನಾಲ್ ಎಂದು ಇಲ್ಲಿಯೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ನೆಲದ ಮೇಲೆ ಒಂದು ಗೆರೆ ಎಳೆದು, ಮಗು ಹಿಮ್ಮಡಿಗೆ ಬೆರಳು ತಾಗಿಸುತ್ತ ಅದರ ಮೇಲೆ ನಡೆಯುವುದು ಅವರ ಪದ್ಧತಿಯ ಅಭ್ಯಾಸ. ಕಲಿತ ಮೇಲೆ ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ತುಳುಕಿಸದೆ ನಡೆಯಬೇಕು. ಎರಡು ವರ್ಷದ ಮಗು ಬಹಳ ದೂರ ನಡೆಯಬಲ್ಲದು, ಆದರೆ ದೊಡ್ಡವರ ವೇಗದಲ್ಲಿ ಅಲ್ಲ, ತನ್ನ ವೇಗದಲ್ಲಿ ಎಂದು ಅವರು ಹೇಳುತ್ತಿದ್ದರು. ನಾವು ಅವಸರಕ್ಕೆ ಎತ್ತಿಕೊಂಡುಬಿಡುತ್ತೇವೆ.

ಅವರಿಗೂ ಮೊದಲೇ ಭಾವನಗರದಲ್ಲಿ ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಮಕ್ಕಳನ್ನು ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದ ಅವರಿಗೆ 'ಮೀಸೆಯ ತಾಯಿ' ಎಂದೇ ಹೆಸರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಸಮುದ್ರತೀರದ ಬೋರ್ಡಿ ಎಂಬ ಹಳ್ಳಿಗೆ ಬಂದರು. ಬಡವರ ಮಕ್ಕಳು ಬಾಲವಾಡಿಯ ಕಟ್ಟಡಕ್ಕೆ ಬರಲಿಲ್ಲ. ಸರಿ, ಕಟ್ಟಡವೇ ಬೇಡ ಎಂದು ತಾರಾಬಾಯಿ ಶಾಲೆಯನ್ನು ಅವರ ಮನೆಯಂಗಳಕ್ಕೆ ಒಯ್ದರು. ಹಾಗೆ ಹುಟ್ಟಿದ ಪದ ಅಂಗನವಾಡಿ. ಅಂಗನ ಎಂದರೆ ಅಂಗಳ, ವಾಡಿ ಎಂದರೆ ತೋಟ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿದಾಗ ಈ ಪದವನ್ನೇ ಎತ್ತಿಕೊಂಡಿತು. ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ನಮ್ಮ ಟಿ. ನರಸೀಪುರವನ್ನು.

ಕಿಂಡರ್‌ಗಾರ್ಟನ್ ಎಂದರೆ ತೋಟ. ಅಂಗನವಾಡಿ ಎಂದರೆ ಅಂಗಳದ ತೋಟ. ನಮ್ಮ ಶಿಶುವಿಹಾರ ಎಂಬ ಚೆಂದದ ಮಾತಿನಲ್ಲೂ ವಿಹಾರವಿದೆ. ಹೆಸರಿಟ್ಟವರೆಲ್ಲ ಒಂದೇ ಮಾತು ಹೇಳಿ ಹೋಗಿದ್ದಾರೆ, ನಾವು ಬೋರ್ಡು ಓದುತ್ತೇವೆ, ಅರ್ಥ ಓದುವುದಿಲ್ಲ.

ಇವರಾರೂ ಬರುವ ಮೊದಲು ನಮ್ಮ ಅಂಗಳಗಳಲ್ಲಿ ಮಕ್ಕಳು ಆಡುತ್ತಿರಲಿಲ್ಲವೆ? ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ದೇವರೇ ಅಂಬೆಗಾಲಿಟ್ಟಿದ್ದಾನೆ. ಆ ನವನೀತಕೃಷ್ಣನ ಮುಂದೆ ಮಕ್ಕಳಿಲ್ಲದವರು ಹರಕೆಯ ತೊಟ್ಟಿಲು ಒಪ್ಪಿಸುತ್ತಾರೆ. ಅಲ್ಲಿಂದ ಕೂಗಳತೆಯ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಎಳೆಯುವ ಆಟಿಕೆಗಳನ್ನು ಮಾಡುತ್ತಾರೆ. ಮಗು ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿ ನಮ್ಮ ಕಾಲದಲ್ಲಿ ಮನೆಮನೆಯಲ್ಲೂ ಇತ್ತು. ಅದಕ್ಕೂ ಈಗ ಮಗುವನ್ನು ನಡುವೆ ಕೂರಿಸುವ ಪ್ಲಾಸ್ಟಿಕ್ ವಾಕರಿಗೂ ಇರುವ ವ್ಯತ್ಯಾಸ ದೊಡ್ಡದು. ಮರದ ಗಾಡಿಯಲ್ಲಿ ಮಗು ತನ್ನ ಭಾರವನ್ನು ತಾನೇ ಹೊರುತ್ತದೆ, ಗಾಡಿ ಮುಂದಕ್ಕೆ ಓಡಿದರೆ ಬೀಳುತ್ತದೆ, ಮುಂದಿನ ಸಲ ಹದ ಕಲಿಯುತ್ತದೆ. ವಾಕರಿನಲ್ಲಿ ಕೂತ ಮಗು ತೇಲುತ್ತದೆ, ಮೆಟ್ಟಿಲು ಬಂದರೆ ಗಾಡಿಸಮೇತ ಉರುಳುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ನಮ್ಮ ತಿಪಟೂರು ಸೀಮೆಯ ಅಂಗಳದಲ್ಲಿ ಇನ್ನೂ ಏನೇನಿತ್ತು! ಅಡಿಕೆ ಪಟ್ಟೆಯ ಮೇಲೆ (ಮಲೆನಾಡಿನವರು ಹಾಳೆ ಎನ್ನುತ್ತಾರೆ) ಚಿಕ್ಕವರನ್ನು ಕೂರಿಸಿ ದೊಡ್ಡವರು ಎಳೆಯುವುದು. ಎಳೆದಾಗ ಬೆನ್ನು ನೇರವಾಗದಿದ್ದರೆ ಹಿಂದಕ್ಕೆ ಬೀಳುವುದು ಖಂಡಿತ. ಉಪ್ಪುಮೂಟೆಯಲ್ಲಿ ಅಣ್ಣನ ಬೆನ್ನಿಗೆ ಅಂಟಿಕೊಳ್ಳುವುದು. ಕೆರೆ-ದಡ ಆಟದಲ್ಲಿ ಎರಡು ಕಾಲು ಜೋಡಿಸಿ ಗೆರೆಯ ಆಚೆ ಈಚೆ ಹಾರುವುದು. ಕುಂಟೆಬಿಲ್ಲೆಯಲ್ಲಿ ಒಂಟಿಕಾಲು. ತೆಂಗಿನ ಚಿಪ್ಪಿಗೆ ದಾರ ಪೋಣಿಸಿ ಅದರ ಮೇಲೆ ಕುದುರೆ ನಡಿಗೆ. ಪಂಚಮಿಯ ಜೋಕಾಲಿ. ಕೈಚಾಚಿ ಗಿರಗಿರ ತಿರುಗಿ, ತಲೆ ತಿರುಗಿ ಧೊಪ್ಪನೆ ಬೀಳುವುದು. ಇವನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದವರು ಯಾರೂ ಇಲ್ಲ. ಆದರೂ ಒಂದು ಕ್ರಮವಿತ್ತು. ಎರಡು ವರ್ಷಕ್ಕೆ ಮಗು ಜೋಡಿಗಾಲಲ್ಲಿ ನೆಗೆಯಲು ನೋಡುತ್ತದೆ, ಮೂರಕ್ಕೆ ಒಂಟಿಕಾಲಲ್ಲಿ ಒಂದು ಕ್ಷಣ ನಿಲ್ಲುತ್ತದೆ, ನಾಲ್ಕು ಐದಕ್ಕೆ ಕುಂಟುತ್ತದೆ. ಆಟಗಳೂ ಅದೇ ಮೆಟ್ಟಿಲಲ್ಲಿ ಕಾದಿದ್ದವು.

ಹಾಗೆಂದು ಹಿಂದಿನದೆಲ್ಲ ಬಂಗಾರವೆಂದು ಹೇಳಲಾರೆ. ಬರಿಗಾಲಿನ ಮಕ್ಕಳಿಗೆ ಕೊಕ್ಕೆಹುಳುವಿನ ಕಾಟವಿತ್ತು. ಕಟ್ಟೆಯಿಲ್ಲದ ಬಾವಿಗಳು ಮಕ್ಕಳನ್ನು ನುಂಗಿದ್ದುಂಟು. ಹೆಣ್ಣುಮಕ್ಕಳ ಆಟ ಬೇಗ ಮುಗಿಯುತ್ತಿತ್ತು. ನನಗೆ ಏಳು ತುಂಬುವಷ್ಟರಲ್ಲಿ ತಮ್ಮ ನನ್ನ ಸೊಂಟದ ಮೇಲಿದ್ದ. ಕುಂಟೆಬಿಲ್ಲೆಯ ಮನೆಗಳನ್ನು ದೂರದಿಂದ ನೋಡುತ್ತ ನಿಂತ ಸಂಜೆಗಳು ನನಗೆ ಚೆನ್ನಾಗಿ ನೆನಪಿವೆ. ಆದ್ದರಿಂದ ಹಳೆಯ ಅಂಗಳವನ್ನು ಹಾಗೆಯೇ ತಂದುಕೊಡಿ ಎಂದು ನಾನು ಕೇಳುತ್ತಿಲ್ಲ.

ಆದರೆ ಆಯಮ್ಮನ ಮಾತಿಗೆ ಈಗ ವಿಜ್ಞಾನವೂ ಸಾಕ್ಷಿ ಹೇಳುತ್ತದೆ. ನಮ್ಮ ಒಳಗಿವಿಯಲ್ಲಿ ಮೂರು ಪುಟ್ಟ ಬಾಗಿದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ವಾಲಿದಾಗ, ತಿರುಗಿದಾಗ ಆ ದ್ರವ ಅಲುಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಣ್ಣು, ಅಂಗಾಲು, ಕೀಲುಗಳು ತಮ್ಮ ಸುದ್ದಿ ಸೇರಿಸುತ್ತವೆ. ಇವೆಲ್ಲವನ್ನೂ ಹೊಂದಿಸಿಕೊಳ್ಳುವುದೇ ಸಮತೋಲ. ಹೊಂದಿಕೆ ಬರುವುದು ಅಭ್ಯಾಸದಿಂದ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ತಿಳಿಸಿದಂತೆ, ಮಕ್ಕಳು ಆಸರೆಯಿಲ್ಲದೆ ನಡೆಯತೊಡಗುವುದು ಸುಮಾರು 8ರಿಂದ 18 ತಿಂಗಳ ನಡುವೆ. ಆದರೆ ನಡೆಯತೊಡಗುವುದು ಬೇರೆ, ನಡಿಗೆ ಕಲಿಯುವುದು ಬೇರೆ. ನ್ಯೂಯಾರ್ಕಿನ ಸಂಶೋಧಕಿ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಆಡಲು ಬಿಟ್ಟು ಎಣಿಸಿದರು. 2012ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಒಂದು ಗಂಟೆಯಲ್ಲಿ ಮಗು ಸರಾಸರಿ 2,368 ಹೆಜ್ಜೆ ಹಾಕುತ್ತದೆ, 17 ಸಲ ಬೀಳುತ್ತದೆ.

ಗಂಟೆಗೆ 17 ಸಲ! ಈ ಸಂಖ್ಯೆಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 2009ರಿಂದ ಈಚೆಗೆ ಆ ಕಾಂಕ್ರೀಟಿನ ಮೇಲೆ ನಡೆದುಹೋದ ಮಕ್ಕಳು ಎಷ್ಟು! ಬಿದ್ದರೆ ಮಂಡಿ ತರಚುತ್ತದೆಂದು "ಓಡಬೇಡಿ, ಓಡಬೇಡಿ" ಎಂದು ಕೂಗುತ್ತಿದ್ದವರು ನಾವೇ.

ಮಾರನೆಯ ದಿನದಿಂದ ಪುಟ್ಟಿಯ ಪಾಠ ಶುರುವಾಯಿತು. ಪಾಠ ನನಗೋ ಅವಳಿಗೋ ಹೇಳುವುದು ಕಷ್ಟ. ಮೊದಲ ಮೂರು ದಿನ ಅವಳು ಮಣ್ಣಿಗೆ ಕಾಲಿಡಲಿಲ್ಲ. ನಾನೇ ಕೂತು ಮಣ್ಣಿನಲ್ಲಿ ಗುಬ್ಬಿಗೂಡು ಕಟ್ಟಿದೆ. ನಾಲ್ಕನೆಯ ದಿನ ಕೂತಲ್ಲಿಂದಲೇ ಜರುಗುತ್ತ ಬಂದಳು. ಆಮೇಲೆ ರಂಗೋಲಿ ಪುಡಿಯಲ್ಲಿ ಅಂಗಳದುದ್ದಕ್ಕೂ ಒಂದು ಗೆರೆ ಎಳೆದೆ. ಅದರ ಮೇಲೆ ಇಬ್ಬರೂ ನಡೆದೆವು. ನನ್ನ ಐವತ್ತೇಳರ ಮಂಡಿಗೂ ಅದು ಸುಲಭವಾಗಿರಲಿಲ್ಲ. ಎರಡನೆಯ ವಾರ ಗೆರೆಯನ್ನು ಹಾವಿನಂತೆ ಬಳುಕಿಸಿದೆ. ಸಣ್ಣ ಚೊಂಬಿನಲ್ಲಿ ನೀರು ತುಂಬಿ ತುಳಸಿಗಿಡಕ್ಕೆ ಹಾಕುವ ಕೆಲಸ ಕೊಟ್ಟೆ. ಗಿಡ ಮುಟ್ಟುವಷ್ಟರಲ್ಲಿ ಅರ್ಧ ನೀರು ಅವಳ ಕಾಲಿಗೆ. ನಮ್ಮ ಯಜಮಾನರು ಹಳೆಯ ಬಟ್ಟೆ ಸುತ್ತಿ ಚೆಂಡು ಮಾಡಿಕೊಟ್ಟರು. ಅದನ್ನು ಒದೆಯಲು ಒಂದು ಕಾಲು ಎತ್ತಬೇಕಲ್ಲ, ಮಗು ಕಲಿತದ್ದೇ ಅಲ್ಲಿ. ಪಕ್ಕದ ಮನೆಯ ಹುಡುಗರು ಅಡಿಕೆ ಪಟ್ಟೆ ತಂದು ಎಳೆದರು. ಹೊಂಗೆಯ ಬೇರುಗಳನ್ನು ಹತ್ತಿ ಇಳಿಯುವುದಂತೂ ಅವಳೇ ಹುಡುಕಿಕೊಂಡ ಆಟ.

ಒಂದು ಸಂಜೆ ಚೆಂಡಿನ ಹಿಂದೆ ಓಡುವಾಗ ಬೇರು ತಾಗಿ ಮಗುಚಿ ಬಿದ್ದಳು. ನಾನು ಎದ್ದು ಓಡಬೇಕೆಂದಿದ್ದವಳು ಸೆರಗು ಹಿಡಿದುಕೊಂಡು ಕೂತೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅಂಗೈಗಳನ್ನು ಊರಿ ಎದ್ದು, ಒಂದಕ್ಕೊಂದು ತಟ್ಟಿ ಮಣ್ಣು ಕೊಡವಿ, "ಬಿದ್ದೆ ಅಜ್ಜಿ" ಎಂದು ಸುದ್ದಿ ತಿಳಿಸುವವಳಂತೆ ಹೇಳಿ ಮತ್ತೆ ಓಡಿದಳು.

ಮಗಳು ಬಂದು ಕರೆದುಕೊಂಡು ಹೋದಳು. ಅವರ ಅಪಾರ್ಟ್‌ಮೆಂಟಿನ ಕೆಳಗೆ ಹುಲ್ಲುಹಾಸಿದೆ, ಆದರೆ 'ಹುಲ್ಲನ್ನು ತುಳಿಯಬೇಡಿ' ಎಂಬ ಫಲಕವೂ ಇದೆಯಂತೆ. ಭಾನುವಾರಗಳಲ್ಲಿ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಅವಳು ಮಾತು ಕೊಟ್ಟಿದ್ದಾಳೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಮೂರು ಗಂಟೆಯ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಉಳಿದ ಆರು ದಿನ ಏನು ಮಾಡುತ್ತಾಳೋ ನಾನು ಕೇಳಲಿಲ್ಲ. ದುಡಿಯುವ ತಾಯಿಯನ್ನು ಎಷ್ಟೆಂದು ಕೇಳುವುದು?

ನನ್ನ ಪಾಲಿಗೆ ಬಂದ ಕೆಲಸ ಬೇರೆ ಇತ್ತು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟೆ. ಎರಡು ಸಲ ನೆನಪಿಸಿದ ಮೇಲೆ, ನೀರಿನ ತೊಟ್ಟಿಯ ಹಿಂದೆ ಹಳೆಯ ಬೆಂಚುಗಳನ್ನು ಪೇರಿಸಿದ್ದ ಜಾಗವನ್ನು ಖಾಲಿ ಮಾಡಿಸಿ ಒಂದು ಟ್ರ್ಯಾಕ್ಟರ್ ಮರಳು ಹಾಕಿಸಿದರು. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಶಿಶು ತರಗತಿಗಳಲ್ಲಿ ಅರವತ್ತನಾಲ್ಕು ಮಕ್ಕಳು. ಸರದಿಯ ಮೇಲೆ ಒಂದೊಂದು ಗುಂಪಿಗೆ ಹತ್ತು ಹತ್ತು ನಿಮಿಷ.

ಕೆಲಸ ಬಿಟ್ಟು ಮನೆಯಲ್ಲಿರುವ ಆಯಮ್ಮನನ್ನು ಒಂದು ದಿನ ಕರೆತಂದು ತೋರಿಸಿದೆ. ಅವಳು ಸುತ್ತ ನೋಡಿದಳು, ಕಾಲಿನಿಂದ ಮರಳನ್ನು ಸ್ವಲ್ಪ ಕೆದಕಿದಳು. "ಒಳ್ಳೇದಾಯ್ತು ಮೇಡಂ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಬೇವಿನ ಮರ ಎಲ್ಲಿತ್ತು ಅಂತ ನಿಮಗೆ ಗೊತ್ತಾಗ್ತದಾ ಈಗ?" ಎಂದು ಕೇಳಿದಳು.

ನನಗೆ ಗೊತ್ತಿತ್ತು. ನಾನು ಸಹಿ ಹಾಕಿ ಕೊಟ್ಟ ಜಾಗ ಇದಕ್ಕಿಂತ ಬಹಳ ದೊಡ್ಡದಿತ್ತು.